ನಾಲ್ಕು ಜನ ಏನಂತಾರೆ

ಅಕ್ಕ ತಮ್ಮನ ಹೆಣದ ಮೇಲೂ ಗುಲಾಬಿ ಸೆಂಟು ಹೊಡೆದಳು. ಪರದೆಗೆ, ಹಾಸಿಗೆಗೆ, ಚಪ್ಪಲಿಗೆ ಆಗಲೇ ಹೊಡೆದಾಗಿತ್ತು. ಗಾಂಜಾದ ವಾಸನೆ ಮಾತ್ರ ಜಗ್ಗಲಿಲ್ಲ. ಗುಲಾಬಿ ಮುಡಿದುಕೊಂಡು ಅಲ್ಲೇ ಕೂತಿತು.

"ಬೇಗ ಕೆಳಗಿಳಿಸಿ. ನಾಲ್ಕು ಜನ ನೋಡಿದ್ರೆ ಏನಂತಾರೆ?"

"ನೋಡೋದಿರಲಿ, ಹೊರೋಕೆ ನಾಲ್ಕು ಜನ ಎಲ್ಲಿದ್ದಾರೆ?" ಎಂದ ಅವಳ ಗಂಡ. "ನಾನು, ಅಂಗಡಿ ಯಜಮಾನ್ರು, ಗಾಡಿ ಡ್ರೈವರು. ಮೂರೇ."

ಸತ್ತವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಗಾಜು ಉಜ್ಜಿದವನು. ನಿನ್ನೆ ರಾತ್ರಿ ಈ ಮಹಡಿ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಸಿದಾಗ ಪಕ್ಕದಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಒಂದಿನ ರಜೆ ಕೇಳಿದೋನಲ್ಲ," ಎಂದು ಯಜಮಾನರು ಹೊಗಳಿದರು. ರಜೆ ಹಾಕಿ ಅವನು ಹೋಗುವುದಾದರೂ ಎಲ್ಲಿಗೆ ಎಂದು ಆ ಮಹಾನುಭಾವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

*

ಹೋದ ವರ್ಷ ಅವನು ಫೋನ್ ಮಾಡಿದ್ದ. "ಅಕ್ಕಾ, ಭಾನುವಾರ ಬರ್ತೀಯಾ? ಇನ್ನೊಂದು ಕುರ್ಚಿ ತಂದಿದ್ದೀನಿ."

"ಆ ಹೊಗೆಯೊಳಗಾ? ಮೊದ್ಲು ಬಿಡು, ಆಮೇಲೆ ಬರ್ತೀನಿ."

"ನೀನು ಬಂದ್ರೆ ಬಿಡ್ತೀನಿ."

ಇಬ್ಬರೂ ಪಟ್ಟು ಬಿಡಲಿಲ್ಲ. ಅವನದು ಚಟ. ಇವಳದು ಮರ್ಯಾದೆಯಂತೆ.

*

ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಇಸ್ತ್ರಿ ಅಂಗಿಯ ಮಧ್ಯವಯಸ್ಕ.

"ನಾನು ಹಿಡೀಲಾ?"

"ನೀವ್ಯಾರು?"

"ಮಾಲು ತಂದ್ಕೊಡ್ತಿದ್ದೆ. ದಿನಾ ಸಂಜೆ ಆರಕ್ಕೆ."

"ಥೂ! ಕೊಂದೋನೇ ಹೊರೋಕೆ ಬಂದ್ಯಾ?"

"ವಾರದ್ದು ಒಟ್ಟಿಗೇ ತಗೊಳ್ಳಿ ಅಂದೆ ಅಕ್ಕಾ, ಕೇಳ್ಲಿಲ್ಲ. ದಿನಾ ಒಂದೇ ಪೊಟ್ಟಣ ತಾ, ಹತ್ತು ನಿಮಿಷ ಕೂತು ಹೋಗು ಅಂತಿದ್ರು." ಅವನು ಮೂಲೆಯ ಕುರ್ಚಿ ನೋಡಿದ. "ನಂಗೂ ವ್ಯಾಪಾರ ಅಲ್ವಾ, ಕೂರ್ತಿದ್ದೆ."

ಗೆಳೆಯ ಎಂದು ಸುಳ್ಳು ಹೇಳುವಷ್ಟು ಸಭ್ಯತೆಯೂ ಆ ಪ್ರಾಣಿಗಿರಲಿಲ್ಲ.

ಅಕ್ಕ ದಡದಡನೆ ಹೊರಗೆ ಬಂದಳು. ಮಹಡಿಯುದ್ದಕ್ಕೂ ಬಾಗಿಲುಗಳು ಅರೆ ತೆರೆದಿದ್ದವು. ಮೂಗು ಮುಚ್ಚಿಕೊಂಡ ಮುಖಗಳು. ಅವಳು ಜೀವಮಾನವಿಡೀ ಹೆದರಿದ ನಾಲ್ಕು ಜನ ಇವರೇ.

"ಯಾರಾದ್ರೂ ಒಂದು ಕೈ ಹಾಕ್ರಪ್ಪಾ."

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಹೊತ್ತಾಯ್ತು ಕಣೇ," ಎಂದ ಗಂಡ. ಅಕ್ಕ ಗೋಡೆಯ ಕಡೆ ತಿರುಗಿ, "ಹಿಡ್ಕೊಳ್ಳಲಿ," ಎಂದಳು.

ನಾಲ್ವರೂ ಎತ್ತಿದರು. ಮಾಲಿನವನಿಗೆ ಮೆಟ್ಟಿಲುಗಳು ಅಂಗೈಗೆರೆಯಷ್ಟು ಪರಿಚಯ. "ಹುಷಾರು, ಮುಂದಿನದು ಒಡೆದಿದೆ," ಎಂದು ಎಲ್ಲರಿಗೂ ಹೇಳುತ್ತ ಇಳಿದ. ಕೆಳಮನೆಯ ಹೆಂಗಸು ಕಿಟಕಿಯಿಂದ ಕೇಳಿದಳು: "ಆ ಕೊನೆಯವ್ರು ಯಾರು?"

"ನಮ್ಮೋರೇ," ಎಂದಳು ಅಕ್ಕ.

ಗಾಡಿ ಹೊರಟಿತು. ಅಕ್ಕ ಬೀಗ ಹಾಕಲು ಮೇಲೆ ಬಂದಳು. ಮೂಲೆಯ ಕುರ್ಚಿಯನ್ನು ಎಳೆದುಕೊಂಡಳು. ಕೂರುವ ಮೊದಲು ಅದಕ್ಕೂ ಸೆಂಟು ಹೊಡೆದಳು.