ಕುದಿಸಿದ ಕತ್ತರಿ

ಆ ವಾರ ಸೂಲಗಿತ್ತಿ ದಾನವ್ವ ನೆಟ್ಟಗೆ ಒಂದು ತುತ್ತು ಉಂಡಿದ್ದರೆ ಕೇಳಿ. ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿ ಗೌರಕ್ಕನ ಸೊಸೆ ನೀಲವ್ವ ಗಂಡು ಹಡೆದು ಮೂರು ದಿನವಾಗಿತ್ತು. ಅಷ್ಟರೊಳಗೆ ದಾನವ್ವ ಆ ಬಾಗಿಲಿಗೆ ಹತ್ತು ಸಲ ಹೋಗಿದ್ದಳು. ಹೋದಾಗೆಲ್ಲ ಒಂದೇ ಮಾತು: "ಕೂಸು ಮೊಲಿ ಕುಡೀತೈತೇನ, ನೀಲವ್ವಾ?"

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ದಾನವ್ವ, ಉಣ್ಣಬೇಕಾದದ್ದು ಕೂಸು.

ಹೋದ ವರ್ಷ ಅವಳು ಕುಡುಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದ ಎರಡು ಕೂಸುಗಳು ವಾರದೊಳಗೆ ದವಡೆ ಬಿಗಿದು, ಮೊಲೆ ಚೀಪಲಾರದೆ ಸತ್ತಿದ್ದವು. ಆಮೇಲೆ ಮುನ್ಸಿಪಾಲಿಟಿಯ ನರ್ಸ್ ತಾರಾಬಾಯಿ ಒಂದು ಕತ್ತರಿ ಕೊಟ್ಟು ಕಲಿಸಿದ್ದರು: "ಕುದಿಸಿದ ಮ್ಯಾಲೆ ಇದಕ್ಕ ಏನೂ ತಾಗಬಾರದು, ದಾನವ್ವ. ನಿನ್ನ ಸೆರಗೂ ತಾಗಬಾರದು."

ನೀಲವ್ವನ ಹೆರಿಗೆಯ ದಿನವೂ ದಾನವ್ವ ಕುದಿಸಿದ್ದಳು. ಕೂಸು ಹುಟ್ಟಿ ಬಳ್ಳಿ ಕೊಯ್ಯುವ ಹೊತ್ತಿಗೆ ಗೌರಕ್ಕ ಅಡ್ಡ ಬಂದಳು. "ಊರ ಮಂದಿ ಕೂಸಿಗೆಲ್ಲಾ ಹಚ್ಚಿದ ಕತ್ತರಿ ಅದು. ಗೋಮೂತ್ರದಾಗ ಅದ್ದು, ಇಲ್ಲಂದ್ರ ನನ್ನ ಮೊಮ್ಮಗನ್ನ ಮುಟ್ಟಬ್ಯಾಡ." ನೀಲವ್ವ ನರಳುತ್ತಿದ್ದಳು. ವಾದಕ್ಕೆ ಹೊತ್ತಿರಲಿಲ್ಲ. ಹಾಳು ಕೈ, ಅದ್ದಿಬಿಟ್ಟಿತು.

ಐದನೆಯ ದಿನ ಶೆಟಿಗೆವ್ವನ ಪೂಜೆ. ಕೂಸಿನ ಹಣೆಬರಹ ಬರೆಯುವ ದೇವಿ. ದಾನವ್ವ ಅವಳ ಮುಂದೆ ಕೈಮುಗಿದಳು. 'ನೀನು ಬರೆಯುವ ಮೊದಲೇ ನಾನು ಬರೆದುಬಿಟ್ಟೆನಲ್ಲ, ತಾಯಿ.'

ಆರನೆಯ ದಿನ ಕೂಸು ಮೊಲೆ ಬಿಟ್ಟು ಮುಖ ತಿರುಗಿಸಿತು. ದವಡೆ ಬಿಗಿಯಿತೇನೋ ಎಂದು ದಾನವ್ವ ಎದ್ದಳು. ಕೈ ತೊಳೆದು ಕಿರುಬೆರಳನ್ನು ಅದರ ಬಾಯಿಗಿಟ್ಟಳು. ಕೂಸು ಚೀಪಿತು. ಹೊಟ್ಟೆ ತುಂಬಿತ್ತು, ಅಷ್ಟೆ.

ಹತ್ತು ದಿನ ಕಳೆದವು. ಹೊಕ್ಕಳಬಳ್ಳಿ ಒಣಗಿ ಬಿತ್ತು. ಗೌರಕ್ಕ ಚಾಳಿನ ಹೆಂಗಸರನ್ನೆಲ್ಲ ಕರೆದು ದಾನವ್ವನಿಗೆ ಸೀರೆ ಕೊಡಹೋದಳು. "ನೋಡ್ರೆವಾ, ನರ್ಸಬಾಯಿ ಕಲಿಸಿದ್ದಕ್ಕಿಂತ ನಮ್ಮ ಗೋಮೂತ್ರನ ಛಲೋ!"

ಕೇಳುತ್ತಿದ್ದವರಲ್ಲಿ ಮೂವರು ತುಂಬಿದ ಬಸುರಿಯರು. ದಾನವ್ವ ಸೀರೆ ಮುಟ್ಟಲಿಲ್ಲ.

"ಬ್ಯಾಡ್ರಿ ಗೌರಕ್ಕಾ. ಅದ್ದಿದ್ದು ನನ್ನ ತಪ್ಪು. ಹೋದ ವರ್ಷದ ಎರಡು ಕೂಸೂ ನನ್ನ ಕೈಯಾಗ ಹೋದವು. ಇದು ತನ್ನ ಪುಣ್ಯಾದಿಂದ ಉಳದೈತಿ. ಹತ್ತು ದಿನಾ ಹೆಣಾ ಕಾದಂಗ ಕಾದೇನ್ರಿ ನಾ. ಇನ್ನ ಯಾರ ಮನ್ಯಾಗೂ ಅದ್ದಂಗಿಲ್ಲ."

ದಾನವ್ವನ ಕಣ್ಣಲ್ಲಿ ನೀರಿತ್ತು. ಆಗ ಬಸುರಿಯರಲ್ಲೊಬ್ಬಳು ಗೌರಕ್ಕನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ಗೋಮೂತ್ರ ಕಪ್ಪ ಆಕಳದ್ದ ಆಗಬೇಕೇನ್ರಿ, ಯಾವದಾದ್ರೂ ನಡೀತೈತೋ?"