ಮೇಲಿನ ಮಾಳಿಗೆಯ ಸೀಸೆಗಳು

ಫ್ರಾನ್ಸಿನ ಎಪರ್ನೆ ಊರಿನಲ್ಲಿ ಆ ವರ್ಷ ಮೇ ತಿಂಗಳಿಗೇ ಬಿಸಿಲು ಚುರುಗುಟ್ಟತೊಡಗಿತ್ತು. ವಾರ್ಲೆ ಧಣಿಯ ಶಾಂಪೇನ್ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿಯಾಗಿದ್ದ ಒನೆಸಿಮ್, ಗೋಡೆಯ ಉಷ್ಣಮಾಪಕ ನೋಡಿದಾಗಲೆಲ್ಲ ಮುಖ ಗಂಟಿಕ್ಕಿಕೊಳ್ಳುತ್ತಿದ್ದ. ಹೊಸ ಸೀಸೆಗಳೆಲ್ಲ ಬೀದಿಯ ಅಡಿಗೇ ಇದ್ದ ಮೇಲಿನ ಮಾಳಿಗೆಯಲ್ಲೇ ಇದ್ದವು. ಕೆಳಗಿನ ಸುಣ್ಣಕಲ್ಲಿನ ಗವಿ ಸದಾ ತಣ್ಣಗಿರುತ್ತಿತ್ತು. ಆದರೆ ಅದಕ್ಕೆ ಎಂಬತ್ತು ಮೆಟ್ಟಿಲು; ಇಳಿಸುತ್ತ ಕೂತರೆ ಹದಿನೈದು ದಿನ ಹಾಳೆಂದು ಧಣಿ ಬೇಡವೆಂದಿದ್ದ.

ಒನೆಸಿಮ್ ಮತ್ತೆ ಹೋಗಿ ಬಿಡಿಸಿ ಹೇಳಿದ. ಸೀಸೆಯೊಳಗಿನ ಗಾಳಿಗೆ ಶಾಖ ತಾಗಿದರೆ ಅದು ಹಿಗ್ಗಲು ನೋಡುತ್ತದೆ. ಬಿರಡೆ ಬಿಗಿದಿರುವುದರಿಂದ ಜಾಗವಿಲ್ಲ. ವೈನಿನಲ್ಲಿ ಕರಗಿದ್ದ ಗಾಳಿಯೂ ಹೊರಬಂದು ಸೇರಿಕೊಳ್ಳುತ್ತದೆ. ಶಾಖ ಏರಿದಷ್ಟೂ ಗಾಜಿನ ಮೇಲೆ ಒತ್ತಡ ಏರುತ್ತದೆ. ಧಣಿ ಚೀಸ್ ಕೊಯ್ಯುತ್ತಲೇ ಕೇಳಿಸಿಕೊಂಡ.

"ಒಂದಷ್ಟು ಒಡೀತಾವೆ, ಪ್ರತಿ ವರ್ಷ ಇದ್ದಿದ್ದೇ. ನೆಲದಲ್ಲಿ ಕಾಲುವೆ ಮಾಡಿಸಿರೋದು ಯಾತಕ್ಕೆ?"

ಚೆಲ್ಲಿದ ವೈನು ಆ ಕಾಲುವೆಯಲ್ಲಿ ಹರಿದು ತೊಟ್ಟಿ ಸೇರುತ್ತಿತ್ತು. ಅದನ್ನು ಸೋಸಿ ದಂಡಿಗೆ ಮಾರುವ ಅಗ್ಗದ ಮಾಲಿಗೆ ಬೆರೆಸುವುದು ಒನೆಸಿಮ್‌ನ ಕೆಲಸವೇ.

ಗುರುವಾರ ಮಧ್ಯಾಹ್ನ ಒಂದು ಸೀಸೆ ಸಿಡಿಯಿತು. ಅದರ ಚೂರು ಬಡಿದು ಪಕ್ಕದ್ದು, ಅದರಿಂದ ಮತ್ತೊಂದು, ನೋಡನೋಡುತ್ತ ಇಡೀ ಸಾಲು. ಒಂಬತ್ತು ಆಳುಗಳಿಗೆ ಇದ್ದದ್ದು ಆರೇ ಕಬ್ಬಿಣದ ಮುಖವಾಡ. ಅದು ಸಿಗದೆ ಬರಿಮುಖದಲ್ಲಿದ್ದ ತಿಯೊಡ್ಯೂಲ್‌ನ ಎಡಗಣ್ಣು ಹೋಯಿತು.

ಅವನನ್ನು ಆಸ್ಪತ್ರೆಗೆ ಒಯ್ದ ಗಾಡಿ ಇನ್ನೂ ಮರಳಿರಲಿಲ್ಲ, ತೊಟ್ಟಿ ಖಾಲಿ ಮಾಡಬೇಕೆಂದು ಧಣಿಯ ಅಪ್ಪಣೆ ಬಂತು. ಒನೆಸಿಮ್ ಅಭ್ಯಾಸಬಲದಿಂದ ಮಂಡಿಯೂರಿ ಬಕೆಟ್ಟಿಗೆ ತುಂಬಿದ. ಬೂಷ್ಟು, ಮೇಣದಬತ್ತಿಯ ಜಿಡ್ಡು, ಬೂಟಿನ ಕೆಸರು. ಬಟ್ಟೆಯಲ್ಲಿ ಸೋಸಿದಾಗ ಗಾಜಿನ ಪುಡಿಯ ನಡುವೆ ರಕ್ತದ ಗರಣೆಯೊಂದು ಮೆತ್ತಗೆ ಕೂತಿತ್ತು. ಅವನು ಗೋಡೆಗೆ ಕೈಯೂರಿ ಕಾರಿಕೊಂಡ.

ಇಳಿದುಬಂದ ಧಣಿ ಮೂಗಿಗೆ ಕರವಸ್ತ್ರ ಹಿಡಿದು ಬಕೆಟ್ಟಿಗೆ ಇಣುಕಿದ. "ಕೆಂಪು ವೈನಿಗೆ ಬೆರೆಸು. ಬಣ್ಣ ಗೊತ್ತಾಗಲ್ಲ."

"ನೀವೊಂದು ಗುಟುಕು ಕುಡೀರಿ ಧಣಿ. ಆಮೇಲೆ ಬೆರೆಸ್ತೀನಿ."

"ಅದು ನಾನು ಕುಡಿಯೋದಲ್ಲಪ್ಪಾ, ದಂಡಿನವರು ಕುಡಿಯೋದು."

ಒನೆಸಿಮ್ ಬಕೆಟ್ಟನ್ನು ಹೊತ್ತು ಮೇಲೆ ಹೋಗಿ ಬೀದಿಯ ಚರಂಡಿಗೆ ಸುರಿದ. ಸಂಜೆಯೊಳಗೆ ಅವನ ಕೆಲಸ ಹೋಯಿತು. ಮಿಕ್ಕ ಆಳುಗಳು ಸೀಸೆ ಕೆಳಗಿಳಿಸುವ ಮಾತಾಗದೆ ಒಳಗೆ ಕಾಲಿಡುವುದಿಲ್ಲವೆಂದು ಕೂತರು. ಮೂರನೆಯ ದಿನ ಧಣಿ ಒಪ್ಪಿದ.

ಭಾನುವಾರ ಒನೆಸಿಮ್ ಆಸ್ಪತ್ರೆಗೆ ಹೋಗಿ ಈ ಸುದ್ದಿ ಹೇಳಿದ. ತಿಯೊಡ್ಯೂಲ್ ಕೇಳಿದ: "ಹೋದ ವರ್ಷ ಅದೇ ಮಾಳಿಗೇಲಿ ಸೀಸೆ ಸಿಡಿದು ನಮ್ಮಣ್ಣನ ಕೈ ಸೀಳಿದಾಗ, ಆ ತೊಟ್ಟೀಲಿದ್ದ ವೈನು ಏನು ಮಾಡಿದೆ?"

ಒನೆಸಿಮ್‌ಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸೋಸಿ ಬೆರೆಸಿದೆ," ಎಂದ.

ತಿಯೊಡ್ಯೂಲ್ ಗೋಡೆಯ ಕಡೆಗೆ ಹೊರಳಿದ. ಒನೆಸಿಮ್ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತುಸು ಹೊತ್ತು ಕೂತಿದ್ದು ಎದ್ದುಬಂದ.