ಗಡಿಯಾರ ಒಡೆದವರು ಯಾರು

ಯುದ್ಧ ನಡೆಯುತ್ತಿದ್ದ ದೇಶಕ್ಕೆ ಅಕ್ಕ ಹೊರಟಾಗ ತಮ್ಮ ತನ್ನ ಬೇಕರಿಗೆ ಬೀಗ ಹಾಕಿ ಅವಳ ಜೊತೆ ವಿಮಾ ಕಚೇರಿಗೆ ಹೋಗಿದ್ದ. ಆಸ್ಪತ್ರೆಗಳ ಆಕ್ಸಿಜನ್ ಯಂತ್ರ ರಿಪೇರಿ ಮಾಡುವುದು ಅವಳ ಕೆಲಸ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅದು ಕೆಟ್ಟು ಕೂತಿತ್ತು. ಮಾಮೂಲಿ ಪ್ರವಾಸ ವಿಮೆ ಅಂಥ ದೇಶಕ್ಕೆ ನಡೆಯುವುದಿಲ್ಲವಂತೆ. ನಡೆಯುವ ವಿಮೆಗೆ ಹದಿನೆಂಟು ಪುಟ, ಗಾಯಕ್ಕೆ, ಅಪಹರಣಕ್ಕೆ, ಸಾವಿಗೆ ಒಂದೊಂದು ಕಾಲಂ. ಓದುತ್ತಾ ಇವನು ಸಾವಿನ ಕಾಲಂಗೆ ಬಂದು ನಿಂತುಬಿಟ್ಟ. ಅಕ್ಕ ಮಾತ್ರ ದಿನಸಿ ಚೀಟಿಗೆ ಗುರುತು ಹಾಕುವ ಹಾಗೆ ಸರಸರನೆ ಸಹಿ ಹಾಕಿದಳು.

ಕೊನೆಯ ಹಾಳೆ ಮನೆಯವರದು. "ನಿಮ್ಮಿಬ್ಬರಿಗೆ ಮಾತ್ರ ಉತ್ತರ ಗೊತ್ತಿರೋ ಒಂದು ಪ್ರಶ್ನೆ, ಅದರ ಉತ್ತರ ಬರೀರಿ. ಅವರಿಗೆ ತೋರಿಸ್ಬೇಡಿ," ಎಂದರು ವಿಮೆಯ ಮೇಡಂ. "ಅಲ್ಲಿಂದ ಅವರನ್ನ ಕರೆತರೋ ಗಾಡಿ ಕಳಿಸೋ ಮುಂಚೆ ಫೋನಲ್ಲಿ ಇದನ್ನ ಕೇಳ್ತೀವಿ. ಮೋಸದ ಫೋನ್ ನಂಬಿ ಹೋದ ಡ್ರೈವರ್ ಒಬ್ಬ ವಾಪಸ್ ಬಂದಿಲ್ಲ."

ಅವನು ಬರೆದು, ಲಕೋಟೆ ಅಂಟಿಸಿ ಕೊಟ್ಟ.

ಹನ್ನೊಂದನೇ ದಿನಕ್ಕೆ ಆ ಊರಿನ ಸುತ್ತ ಗುಂಡು ಹಾರಾಟ ಶುರುವಾಗಿ ಅಕ್ಕನ ಫೋನ್ ಸತ್ತಿತು. ಹದಿಮೂರನೇ ದಿನ ಮಧ್ಯಾಹ್ನ ವಿಮಾ ಕಚೇರಿಯಿಂದ ಬನ್ನಿ ಎಂದು ಕರೆ ಬಂತು. ಅಪ್ಪ ನಾನೂ ಬರ್ತೀನಿ ಎಂದು ಚಪ್ಪಲಿ ಮೆಟ್ಟಿಯೇ ಬಿಟ್ಟಿದ್ದರು.

ಮೇಡಂ ಮೇಜಿನ ಮೇಲಿನ ಫೋನಿನಲ್ಲಿ ಕರಕರ ಸದ್ದು. ಆ ಕಡೆ ಯಾರದೋ ಫೋನಿನಿಂದ ಒಂದು ಹೆಣ್ಣು ದನಿ. ಅಕ್ಕನದು ಹೌದೋ ಅಲ್ಲವೋ ಹೇಳುವಂತಿರಲಿಲ್ಲ. ಅಪ್ಪನಿಗೆ ಕೆಮ್ಮು ಬಂತು. ಮೇಡಂ ಲಕೋಟೆ ಹರಿದು ಓದಿದರು. "ಅಪ್ಪನ ಅಂಗಡಿಯ ಗೋಡೆ ಗಡಿಯಾರ ಒಡೆದವರು ಯಾರು?"

ದನಿ ಹೇಳಿತು: "ನಾನೇ. ಬೆಕ್ಕು ಓಡಿಸೋಕೆ ಹೋಗಿ."

ಮೇಡಂ ಹಾಳೆ ಮಡಚಿದರು. "ತಪ್ಪು. ಗಾಡಿ ಕಳಿಸೋಕಾಗಲ್ಲ."

ತಮ್ಮನಿಗೆ ತಟ್ಟನೆ ಹೊಳೆಯಿತು. ಮೂವತ್ತು ವರ್ಷದ ಹಿಂದೆ, ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಅಪ್ಪನೆದುರು ಅಕ್ಕ ಹೇಳಿದ್ದು ಅಕ್ಷರಶಃ ಇದೇ ಸುಳ್ಳು. ಅದಕ್ಕೇ ಒಂದು ವರ್ಷ ಅಪ್ಪ ಅವಳಿಗೆ ಸ್ಕ್ರೂಡ್ರೈವರ್ ಮುಟ್ಟಗೊಡಲಿಲ್ಲ, ಅದೇ ಪ್ರಾಣವಾಗಿದ್ದ ಹುಡುಗಿಗೆ. ತಲೆಯ ಮೇಲೆ ಗುಂಡು ಹಾರುತ್ತಿರುವಾಗ, ಸಾವಿರಾರು ಮೈಲಿ ಆಚೆಯಿಂದ, ಅವಳು ಅಪ್ಪನ ಕೆಮ್ಮು ಗುರುತು ಹಿಡಿದಿದ್ದಳು. ಹಿಡಿದು, ತಮ್ಮನನ್ನು ಈಗಲೂ ಬಿಟ್ಟುಕೊಟ್ಟಿರಲಿಲ್ಲ. ಇಂಥ ಜೀವದ ಜೊತೆ ತಾನು ಒಂದೇ ತಟ್ಟೆಯಲ್ಲಿ ಉಂಡು ಬೆಳೆದೆನೇ ಎಂದು ಅವನು ಬೆರಗಾದ.

"ಅವಳೇ ಮೇಡಂ. ಇನ್ನೊಂದು ಸಲ ಕೇಳಿ."

"ಉತ್ತರ ಮಾತ್ರ ನೀವು ಬಾಯಿ ಬಿಡಬಾರದು."

ಅವನು ಫೋನಿನ ಮೇಲೆ ಬಗ್ಗಿದ. "ಅಕ್ಕಾ, ಅಪ್ಪ ಪಕ್ಕದಲ್ಲೇ ಇದ್ದಾರೆ. ಇರಲಿ ಬಿಡು. ನಿಜ ಹೇಳು."

ಕರಕರದ ನಡುವೆ ಚಾಡಿ ಹೇಳುವ ಮಗುವಿನ ದನಿ: "ತಮ್ಮ ಒಡೆದಿದ್ದು. ಅಂಗಡಿ ಒಳಗೆ ಚೆಂಡು ಆಡ್ತಿದ್ದ. ಅಪ್ಪಾ, ಅವನಿಗೆ ಬೈಬೇಡಿ."

ಮೇಡಂ ಹಾಳೆ ನೋಡಿ, ಇನ್ನೊಂದು ಫೋನ್ ಎತ್ತಿ ಗಾಡಿಗೆ ಹೇಳಿದರು. ಅಪ್ಪ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಫೋನನ್ನು ತಮ್ಮತ್ತ ಎಳೆದುಕೊಂಡರು.

"ಮಗಳೇ, ಬೇಗ ಬಾ," ಎಂದರು. "ಅಂಗಡೀಲಿ ನಿನಗೆ ರಿಪೇರಿ ಕೆಲಸ ಇದೆ."